ಹೊಸ ಮನೆ, ಅಂಜಿದ ಬೆಕ್ಕು

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಉದ್ದದ ರಾಷ್ಟ್ರೀಯ ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಗೊಳಿಸುವ ಕಾರ್ಯಕ್ಕಾಗಿ ಕಾಸರಗೋಡು ಜಿಲ್ಲೆಯ ರಸ್ತೆಬದಿಯ ಅನೇಕ ಮನೆಗಳು ತೆರವಾದವು. ಭೂಸ್ವಾಧೀನವೆಂದರೆ ಲೆಕ್ಕದ ಕೆಲಸ. ನೆಲಕ್ಕೆ ಸೆಂಟ್ಸಿನ ಲೆಕ್ಕ, ಕಟ್ಟಡಕ್ಕೆ ಚದರಡಿಯ ಲೆಕ್ಕ, ತೆಂಗು ಹಲಸುಗಳಿಗೆ ಮರದ ಲೆಕ್ಕ. 2013ರ ಭೂಸ್ವಾಧೀನ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಸ್ಥಳಾಂತರಗೊಳ್ಳುವ ಕುಟುಂಬಕ್ಕೆ ಸಾಗಣೆಯ ಬಾಬತ್ತು 50,000 ರೂಪಾಯಿ, ಜಾನುವಾರುಗಳಿದ್ದಲ್ಲಿ ಹಟ್ಟಿಗಾಗಿ ಕನಿಷ್ಠ 25,000 ರೂಪಾಯಿ ಎಂಬ ಉಲ್ಲೇಖವೂ ಇದೆ. ದನಕ್ಕೆ ಕಾಲಮ್ ಉಂಟು, ಬೆಕ್ಕಿಗೆ ಇಲ್ಲ. ಬೆಕ್ಕಿನ ಮಾತು ಬರುವುದು ಕಡತಗಳೆಲ್ಲ ಮುಗಿದ ಮೇಲೆ, ಲಾರಿ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ.

ಕುಂಬಳೆ ಸಮೀಪದ ಒಂದು ಮನೆಯಲ್ಲಿಯೂ ಹಾಗೆಯೇ ಆಯಿತು. ತಂದೆ, ತಾಯಿ, ಅಜ್ಜಿ, ಕನ್ನಡ ಮಾಧ್ಯಮದ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಏಳನೆಯ ತರಗತಿಯ ಹುಡುಗಿ, ಮೂರನೆಯ ತರಗತಿಯ ಹುಡುಗ. ಮಾರ್ಚ್ ಪರೀಕ್ಷೆ ಮುಗಿದ ಕೂಡಲೇ ಬದಿಯಡ್ಕದ ಕಡೆಯ ಬಾಡಿಗೆ ಮನೆಯೊಂದಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಆ ಮನೆಯಲ್ಲಿ ಆರು ವರ್ಷದ ಒಂದು ಬಿಳಿಯ ಹೆಣ್ಣು ಬೆಕ್ಕಿತ್ತು, ಹೆಸರು ಬೊಳ್ಳಿ. ಮನೆಮಾತು ಕನ್ನಡವಾದರೂ ಬೆಕ್ಕಿಗೆ ತುಳುವಿನ ಹೆಸರು ಸಿಗುವುದು ಈ ನಾಡಿನಲ್ಲಿ ಹೊಸತಲ್ಲ. ಬೊಳ್ಳಿ ಸ್ವಭಾವತಃ ಅಂಜುಬುರುಕಿ. ಗೇಟಿನ ಚಿಲಕ ಸದ್ದಾದರೆ ಅಟ್ಟಕ್ಕೆ ಏರುವುದು, ನೆಂಟರು ಹೊರಟ ಮೇಲಷ್ಟೇ ಇಳಿಯುವುದು ಅದರ ಪದ್ಧತಿ. ಪ್ಯಾಕಿಂಗಿನ ಪೆಟ್ಟಿಗೆಗಳು ಚಾವಡಿಗೆ ಬಂದ ದಿನದಿಂದ ಅದು ಕಾಲು ಸುಟ್ಟ ಬೆಕ್ಕಾಯಿತು.

“ಬೆಕ್ಕು ಮನೆಯದ್ದು, ಮನುಷ್ಯರದ್ದಲ್ಲ. ನಾವು ಹೋದರೂ ಅದು ಇಲ್ಲಿಯೇ ಇದ್ದುಕೊಳ್ಳುತ್ತದೆ” ಎಂದು ಅಜ್ಜಿ ಹೇಳಿದರು. ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟರೆ ಹೊಟ್ಟೆಗೇನೂ ಕಡಿಮೆಯಾಗದೆಂದು ನೆರೆಯವರೊಬ್ಬರು ಸೂಚಿಸಿದರು. ಗೋಣಿಯಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟರೆ ಮರಳಿ ಬಾರದೆಂದು ಮತ್ತೊಬ್ಬರು ಅಂದರು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಮನೆಯನ್ನೇ ಕೆಡವಿದ ಮೇಲೆ ಮನೆಯ ಬೆಕ್ಕು ಎಲ್ಲಿರುತ್ತದೆ?”

ಈ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಉತ್ತರವಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಸಕಾರಣವಿಲ್ಲದೆ, ಹಸಿವೆ ಬಾಯಾರಿಕೆಗಳಿಂದ ನರಳುವ ಸಂಭವವಿರುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದು ಅಪರಾಧ. ಇದು ದನ, ನಾಯಿಗಳಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಬೆಕ್ಕಿಗೂ ಅನ್ವಯ. ಮೊದಲ ಅಪರಾಧಕ್ಕೆ ದಂಡ ಮಾತ್ರ 10ರಿಂದ 50 ರೂಪಾಯಿ. ಅರುವತ್ತು ವರ್ಷಗಳಿಗೂ ಹಿಂದಿನ ಈ ಮೊತ್ತವನ್ನು ನೋಡಿ ನಗುವವರು ನಗಬಹುದು. ಆದರೆ ತೊರೆಯುವುದನ್ನು ಅಪರಾಧವೆಂದು ಕರೆದ ಮಾತು ಮೊತ್ತಕ್ಕಿಂತ ದೊಡ್ಡದು. ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೂ ಹೇಳುತ್ತದೆ.

ಕೇರಳದ ಉಚ್ಚ ನ್ಯಾಯಾಲಯ ಬೆಕ್ಕಿನ ಹೊಟ್ಟೆಯ ವಿಚಾರವನ್ನೇ ಒಮ್ಮೆ ಕೈಗೆತ್ತಿಕೊಂಡದ್ದುಂಟು. 2020ರ ಏಪ್ರಿಲ್, ಕೊರೋನಾ ಲಾಕ್‌ಡೌನಿನ ದಿನಗಳು. ಮಾಂಸಾಹಾರ ಬೇಯಿಸದ ಕೊಚ್ಚಿಯ ಒಬ್ಬ ಗೃಹಸ್ಥರು ತಮ್ಮ ಮೂರು ಬೆಕ್ಕುಗಳ ಬಿಸ್ಕತ್ತು ತರಲು ಪಾಸು ಕೇಳಿದರು, ಪೊಲೀಸರು ಕೊಡಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಇಬ್ಬರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ಹಾಸ್ಯವೆಂದು ತಳ್ಳಿಹಾಕದೆ, ಪ್ರಾಣಿಗಳ ಆಹಾರವೂ ಅವಶ್ಯಕ ವಸ್ತುವೇ ಎಂದು ಹೋಗಿಬರಲು ಅನುಮತಿ ನೀಡಿತು.

ಅಜ್ಜಿಯ ಮಾತಿನಲ್ಲಿಯೂ ಅರ್ಧ ಸತ್ಯವಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಬೆಕ್ಕಿನ ಪೂರ್ವಜವಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅದಕ್ಕೆ ಹಿಂಡಿನ ರಕ್ಷಣೆಯಿಲ್ಲ, ತನ್ನ ನೆಲದ ಇಂಚಿಂಚು ಪರಿಚಯವೇ ರಕ್ಷಣೆ. ನಾಯಿ ಮನುಷ್ಯನ ಹಿಂದೆ ಹೋಗಿ ಎಲ್ಲಿಯೂ ಬದುಕುತ್ತದೆ. ಬೆಕ್ಕು ಮೊದಲು ನೆಲವನ್ನು ಕೇಳುತ್ತದೆ, ಅನಂತರ ಮನುಷ್ಯನನ್ನು. ಮನೆಯ ಬೆಕ್ಕು ಬಾಗಿಲಚೌಕಟ್ಟು, ಮೇಜಿನ ಕಾಲು, ನಮ್ಮ ಕಣಕಾಲು ಇವುಗಳಿಗೆ ಕೆನ್ನೆ ಉಜ್ಜುವುದನ್ನು ನಾವು ಮುದ್ದು ಎನ್ನುತ್ತೇವೆ. ವಾಸ್ತವದಲ್ಲಿ ಅದರ ಕೆನ್ನೆಯಲ್ಲಿ ಗ್ರಂಥಿಗಳಿವೆ. ನಮ್ಮ ಮೂಗಿಗೆ ತಿಳಿಯದ ಗಂಧವೊಂದನ್ನು ಅದು ಅಲ್ಲಲ್ಲಿ ಹಚ್ಚಿ, ಇದು ನನ್ನದು, ಇಲ್ಲಿ ಭಯವಿಲ್ಲ ಎಂದು ದಾಖಲೆ ಮಾಡುತ್ತದೆ. ಕಂದಾಯ ಕಚೇರಿಯಲ್ಲಿಲ್ಲದ ಹಕ್ಕುಪತ್ರವದು.

ಮನೆ ಬದಲಾದ ದಿನ ಬೆಕ್ಕು ಕಳೆದುಕೊಳ್ಳುವುದು ಈ ದಾಖಲೆಯನ್ನು. ಹೊಸ ಮನೆಯ ಹೊಸ ಬಣ್ಣ, ಸಿಮೆಂಟು, ಹಿಂದೆ ಇದ್ದವರ ನಾಯಿಯ ವಾಸನೆ, ಇವುಗಳ ನಡುವೆ ಅದರದೆಂಬ ಗಂಧ ಒಂದೂ ಇಲ್ಲ. ಮನುಷ್ಯನ ಕಿವಿ 20,000 ಹರ್ಟ್ಸಿನವರೆಗೆ ಮಾತ್ರ ಕೇಳಿದರೆ ಬೆಕ್ಕಿನ ಕಿವಿ ಅದರ ಮೂರು ಪಟ್ಟಿಗೂ ಮೇಲಿನ ಸದ್ದನ್ನು ಹಿಡಿಯುತ್ತದೆ. ನಮಗೆ ನಿಶ್ಶಬ್ದವಾದ ಮನೆ ಅದಕ್ಕೆ ಗದ್ದಲದ ಮನೆಯಾಗಿರಬಹುದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಮಕ್ಕಳಿಗೆಲ್ಲ ಗೊತ್ತು. ಒಮ್ಮೆ ಬಿಸಿಹಾಲಿನಲ್ಲಿ ಮೂತಿ ಸುಟ್ಟುಕೊಂಡ ಬೆಕ್ಕು ಅನಂತರ ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು. ಆಸ್ಥಾನದಲ್ಲಿ ಅದನ್ನು ಕಂಡು ನಕ್ಕರು, ಆದರೆ ಬೆಕ್ಕಿನ ಸ್ವಭಾವದ ಕುರಿತು ಆ ಕಥೆ ಹೇಳುವುದು ನಿಜ. ಮೊದಲ ದಿನಗಳ ಒಂದು ಕೆಟ್ಟ ಅನುಭವ ತಿಂಗಳುಗಟ್ಟಲೆ ಉಳಿಯುತ್ತದೆ. ಆದುದರಿಂದ ಹೊಸ ಮನೆಯಲ್ಲಿ ಮೊದಲ ವಾರವೇ ಮುಖ್ಯ.

ಕುಂಬಳೆಯ ಆ ಮನೆಯವರು ಸಿದ್ಧತೆಯನ್ನು ಎರಡು ವಾರ ಮೊದಲೇ ಆರಂಭಿಸಿದರು. ಬಾಗಿಲಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ತಂದು ಅಟ್ಟದ ಕೆಳಗೆ ತೆರೆದಿಟ್ಟರು. ಒಳಗೆ ಬೊಳ್ಳಿ ಮಲಗುತ್ತಿದ್ದ ಹಳೆಯ ಸೀರೆಯ ತುಂಡು. ದಿನಕ್ಕೊಮ್ಮೆ ಬೂತಾಯಿಯ ಒಂದು ಚೂರನ್ನು ಮೊದಲು ಬುಟ್ಟಿಯ ಹತ್ತಿರ, ಬಳಿಕ ಬಾಗಿಲಲ್ಲಿ, ಕೊನೆಗೆ ಒಳಗೇ ಇಟ್ಟರು. ಹತ್ತನೆಯ ದಿನ ಅದು ತಾನಾಗಿ ಒಳಗೆ ಹೋಗಿ ಮಲಗಿತು. ಬುಟ್ಟಿ ಹೊರಡುವ ದಿನ ಮಾತ್ರ ಹೊರಬಂದರೆ ಅದು ಬೋನು, ಮೊದಲೇ ಪರಿಚಯವಾದರೆ ಗೂಡು. ಇಂಥ ಬುಟ್ಟಿ ದೊರೆಯದವರು ಗಾಳಿಗೆ ತೂತು ಕೊರೆದ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇದನ್ನೇ ಮಾಡಬಹುದು. ಗೋಣಿಚೀಲ ಮಾತ್ರ ಬೇಡ.

ಆ ಹುಡುಗಿ ಮತ್ತೊಂದು ಕೆಲಸ ಮಾಡಿದಳು. ಹಳೆಯ ಮನೆಯ ಹಿತ್ತಿಲಿನ ಮಣ್ಣನ್ನು ಒಂದು ಬಕೆಟಿನಲ್ಲಿ ತುಂಬಿಸಿಕೊಂಡಳು. ಊರು ಬಿಡುವ ದುಃಖಕ್ಕೆ ಮಣ್ಣು ಒಯ್ಯುತ್ತಿದ್ದಾಳೆಂದು ನೋಡಿದವರು ಮರುಗಿದರಂತೆ. ಅದು ಬೆಕ್ಕಿನ ಶೌಚದ ತಟ್ಟೆಗೆ. ಹೊಸ ಮರಳಿನೊಂದಿಗೆ ಪರಿಚಿತ ಮಣ್ಣು ಎರಡು ಹಿಡಿ ಬೆರೆತರೆ ಬೆಕ್ಕು ತಟ್ಟೆಯನ್ನು ಬೇಗ ಒಪ್ಪಿಕೊಳ್ಳುತ್ತದೆ. ಅದರ ಹಾಸಿಗೆ ಬಟ್ಟೆಯನ್ನು ಒಗೆಯಲಿಲ್ಲ. ಹೊಸ ಮನೆಗೆ ಹೊಸ ಹಾಸಿಗೆ ಎಂಬ ಉತ್ಸಾಹ ಮನುಷ್ಯರಿಗೆ ಸಲ್ಲುತ್ತದೆ, ಬೆಕ್ಕಿಗೆ ಹಳೆಯ ಕೊಳೆಯೇ ಭರವಸೆ.

ಹೊರಡುವ ದಿನ ಬೊಳ್ಳಿಯನ್ನು ಬೆಳಗ್ಗೆಯೇ ಬುಟ್ಟಿಯಲ್ಲಿಟ್ಟು, ಖಾಲಿಯಾದ ಕೋಣೆಯೊಂದರಲ್ಲಿ ಬಾಗಿಲು ಹಾಕಿ, ಮೇಲೆ ‘ತೆರೆಯಬಾರದು’ ಎಂದು ಮಗುವಿನ ಕೈಯಿಂದಲೇ ಬರೆಸಿ ಅಂಟಿಸಿದರು. ಲಾರಿಗೆ ಸಾಮಾನು ಏರಿಸುವ ಗದ್ದಲದಲ್ಲಿ ಬೆಕ್ಕುಗಳು ಕಾಣೆಯಾಗುವುದು ಬಹಳ ಸಾಮಾನ್ಯ. ಪ್ರಯಾಣದಲ್ಲಿ ವಾಂತಿಯಾಗದಿರಲೆಂದು ಮೂರು ನಾಲ್ಕು ಗಂಟೆ ಮೊದಲೇ ಆಹಾರ ನಿಲ್ಲಿಸಿದರು. ಬುಟ್ಟಿಯ ಮೇಲೆ ತೆಳುವಾದ ಬೈರಾಸು ಹೊದಿಸಿದರು. ದಾರಿಯುದ್ದಕ್ಕೂ ಬೆಕ್ಕು ಕೂಗಿತು, ಆದರೂ ಹುಡುಗನ ಗೋಗರೆತಕ್ಕೆ ಮಣಿದು ಬಾಗಿಲು ತೆರೆಯಲಿಲ್ಲ. ಮಾರ್ಜಾಲ ಕಿಶೋರ ನ್ಯಾಯವೆಂದು ಶಾಸ್ತ್ರದಲ್ಲೊಂದು ಮಾತುಂಟು. ತಾಯಿಬೆಕ್ಕು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿ ಒಯ್ಯುವಾಗ ಮರಿ ಸುಮ್ಮನಿರುವಂತೆ ಭಕ್ತ ಶರಣಾಗಿರಬೇಕೆಂದು ಅದರ ಅರ್ಥ. ಆ ನ್ಯಾಯ ಮರಿಗೆ ಮಾತ್ರ. ಬೆಳೆದ ಬೆಕ್ಕನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಿದರೆ ನೋವಾಗುತ್ತದೆ. ಒಂದು ಕೈ ಎದೆಯಡಿ, ಮತ್ತೊಂದು ಹಿಂಗಾಲಿನ ಅಡಿ ಇರಬೇಕು. ಮನುಷ್ಯರ ನಿದ್ದೆಮಾತ್ರೆಯಾಗಲಿ, ಜ್ವರದ ಮಾತ್ರೆಯಾಗಲಿ ಎಂದೂ ಕೊಡಕೂಡದು. ನಾವು ದಿನನಿತ್ಯ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ ವಿಷ.

ಹೊಸ ಮನೆಯಲ್ಲಿ ಹಾಲುಕ್ಕಿಸುವುದು, ಹೋಮದ ಹೊಗೆ, ನೆಂಟರ ಊಟ ಇವೆಲ್ಲ ಮುಗಿದ ಮೇಲೆಯೇ ಬೆಕ್ಕನ್ನು ತರುವುದು ಲೇಸು. ಅದಾಗದಿದ್ದರೆ ಆ ಹೊತ್ತಿಗೆ ಬಾಗಿಲು ಮುಚ್ಚಿದ ಒಂದು ಕೋಣೆಯಾದರೂ ಬೇಕು. ಆ ಕೋಣೆಯೇ ಇಡೀ ವಿಷಯದ ಕೇಂದ್ರ. ಮನೆಯೆಲ್ಲವನ್ನೂ ಒಮ್ಮೆಲೇ ತೋರಿಸುವುದು ಔದಾರ್ಯದಂತೆ ಕಾಣುತ್ತದೆ. ಅಂಜಿದ ಬೆಕ್ಕಿಗೆ ಅದು ಅನಾಥತ್ವ. ಹತ್ತು ಅಡಿ ಉದ್ದಗಲದ ಒಂದೇ ಕೋಣೆಯನ್ನು ಅದು ಎರಡು ಮೂರು ದಿನಗಳಲ್ಲಿ ತನ್ನದಾಗಿಸಿಕೊಳ್ಳಬಲ್ಲದು, ಆರು ಕೋಣೆಗಳ ಮನೆಯನ್ನಲ್ಲ.

ಬೊಳ್ಳಿಗೆ ಕೊಟ್ಟದ್ದು ಅಡುಗೆಮನೆಯಿಂದ ದೂರದ, ಒಂದೇ ಕಿಟಕಿಯ ಸಣ್ಣ ಕೋಣೆ. ಒಂದು ಮೂಲೆಯಲ್ಲಿ ಆಹಾರ ಮತ್ತು ನೀರು, ಎದುರಿನ ಮೂಲೆಯಲ್ಲಿ ಮರಳಿನ ತಟ್ಟೆ. ಊಟದ ಪಕ್ಕದಲ್ಲಿ ಶೌಚವನ್ನು ಬೆಕ್ಕು ಸಹಿಸದು. ಉಗುರು ಕೆರೆಯಲು ಹಗ್ಗ ಸುತ್ತಿದ ಒಂದು ಮರದ ತುಂಡು. ಅಡಗಲು ಬಾಯಿ ಪಕ್ಕಕ್ಕೆ ಮಾಡಿದ ರಟ್ಟಿನ ಪೆಟ್ಟಿಗೆ. ಬೆಕ್ಕು ಅಡಗಿಕೊಂಡರೆ ಮನೆಯವರು ಗಾಬರಿಗೊಂಡು ಎಳೆದು ತೆಗೆಯುತ್ತಾರೆ, ಇದು ದೊಡ್ಡ ತಪ್ಪು. ನೆದರ್ಲೆಂಡ್ಸಿನ ಪ್ರಾಣಿಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ಅಲ್ಲಿನ ಸಂಶೋಧಕರು ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 10 ಬೆಕ್ಕುಗಳಿಗೆ ಅಡಗುಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ ನೋಡಿದಾಗ, ಪೆಟ್ಟಿಗೆ ಸಿಕ್ಕವು ಮೊದಲ ಕೆಲವೇ ದಿನಗಳಲ್ಲಿ ಹೆಚ್ಚು ಶಾಂತವಾದವು. ಅಡಗುವುದು ಹೇಡಿತನವಲ್ಲ, ಬೆಕ್ಕು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಕ್ರಮ. ಒಂದು ಪೈಸೆ ಖರ್ಚಿಲ್ಲದ ಔಷಧ.

ನೆಲ ಒರಸಲು ಫಿನೈಲು ಬಳಸಬಾರದು. ಅದರಲ್ಲಿರುವ ರಾಸಾಯನಿಕಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡು, ವಿಷವನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಲ್ಲದೆ ಅದರ ಕೆನ್ನೆಯ ಗಂಧವನ್ನು ದಿನಾ ಅಳಿಸಿದಂತಾಗುತ್ತದೆ. ಬದಲಿಗೆ ಒಂದು ಉಪಾಯವುಂಟು. ಸ್ವಚ್ಛವಾದ ಹತ್ತಿಬಟ್ಟೆಯಿಂದ ಬೆಕ್ಕಿನ ಕೆನ್ನೆಯನ್ನು ಮೆಲ್ಲಗೆ ಸವರಿ, ಅದೇ ಬಟ್ಟೆಯನ್ನು ಬಾಗಿಲಚೌಕಟ್ಟು, ಗೋಡೆಯ ಮೂಲೆಗಳಿಗೆ, ಬೆಕ್ಕಿನ ತಲೆಯಷ್ಟು ಎತ್ತರದಲ್ಲಿ ಒರಸುವುದು. ಪೇಟೆಯಲ್ಲಿ ಇದೇ ಗಂಧವನ್ನು ಕೃತಕವಾಗಿ ತಯಾರಿಸಿ ದುಬಾರಿ ಬೆಲೆಗೆ ಮಾರುತ್ತಾರೆ. ಬೆಕ್ಕು ಅದನ್ನು ಉಚಿತವಾಗಿಯೇ ಕೊಡುತ್ತದೆ.

ಆಹಾರ ಹಳೆಯದೇ ಇರಲಿ, ಹೊತ್ತೂ ಹಳೆಯದೇ ಇರಲಿ. ಬೇಸರ ಕಳೆಯಲೆಂದು ಬೋಗುಣಿ ತುಂಬ ಹಾಲು ಕೊಡುವವರುಂಟು. ಬೆಳೆದ ಅನೇಕ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯಾಗುತ್ತದೆ.

ಮೊದಲ ಎರಡು ದಿನ ಬೊಳ್ಳಿ ಪೆಟ್ಟಿಗೆಯಿಂದ ಹೊರಬರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಟ್ಟೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತಿತ್ತು. ಹುಡುಗಿ ದಿನಕ್ಕೆ ಎರಡು ಬಾರಿ ಒಳಗೆ ಹೋಗಿ ನೆಲದ ಮೇಲೆ, ಪೆಟ್ಟಿಗೆಗೆ ಪಕ್ಕವಾಗಿ ಕುಳಿತು, ತನ್ನ ಕನ್ನಡ ಪುಸ್ತಕವನ್ನು ಸಣ್ಣ ದನಿಯಲ್ಲಿ ಓದುತ್ತಿದ್ದಳು. ಬೆಕ್ಕನ್ನು ನೋಡುವುದಿಲ್ಲ, ಕರೆಯುವುದಿಲ್ಲ, ಕೈ ಚಾಚುವುದಿಲ್ಲ. ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಕೊಂಕಣಿಯಲ್ಲಿ ಮಾಜ್ಜರ ಎಂದು ಏಳು ಭಾಷೆಗಳ ಈ ನೆಲದಲ್ಲಿ ಅದಕ್ಕೆ ಹೆಸರು ಹಲವು. ಬೆಕ್ಕಿಗೆ ಬೇಕಾದದ್ದು ಪರಿಚಿತ ಕಂಠ. ಬೆಕ್ಕುಗಳು ತಮ್ಮ ಹೆಸರನ್ನು ಉಳಿದ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಅದು ಓಗೊಡದಿರುವುದು ಕೇಳಿಸದ್ದರಿಂದಲ್ಲ, ಇಷ್ಟವಿಲ್ಲದ್ದರಿಂದ.

ಮೂರನೆಯ ದಿನ ಪೆಟ್ಟಿಗೆಯ ಬಾಯಲ್ಲಿ ಎರಡು ಕಣ್ಣು ಕಂಡವು. ಇಂಥ ಹೊತ್ತಿನಲ್ಲಿ ದಿಟ್ಟಿಸಿ ನೋಡಿದರೆ ಬೆಕ್ಕಿನ ಭಾಷೆಯಲ್ಲಿ ಅದು ಬೆದರಿಕೆ. ರೆಪ್ಪೆಗಳನ್ನು ಅರ್ಧ ಮುಚ್ಚಿ, ನಿಧಾನವಾಗಿ ಒಮ್ಮೆ ಮುಚ್ಚಿ ತೆರೆದರೆ ಸ್ನೇಹ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಕಣ್ಣು ಮಿಟುಕಿಸಿದ ಮನುಷ್ಯರಿಗೆ ಬೆಕ್ಕುಗಳೂ ಹಾಗೆಯೇ ಮಿಟುಕಿಸಿದವು, ಅಪರಿಚಿತರಾದರೂ ಅವರ ಕೈಯ ಕಡೆಗೆ ಹೆಚ್ಚು ಬಂದವು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೆಂದು ಕಪಟಕ್ಕೆ ಹೋಲಿಕೆ ಕೊಡುವ ನಮ್ಮ ಗಾದೆ ಆ ಪ್ರಾಣಿಗೆ ಸ್ವಲ್ಪ ಅನ್ಯಾಯ ಮಾಡಿದೆ. ನಂಬಿದವರ ಎದುರಿನಲ್ಲಿಯೇ ಅದು ಕಣ್ಣು ಮುಚ್ಚುವುದು.

ಇಷ್ಟರವರೆಗೆ ಎಲ್ಲವೂ ಸರಿಯಾಗಿತ್ತು. ತಪ್ಪಾದದ್ದು ಐದನೆಯ ಸಂಜೆ. ಬೊಳ್ಳಿ ಕೋಣೆಯಿಂದ ಚಾವಡಿಯವರೆಗೆ ಬಂದು ಹೋಗುವುದನ್ನು ಕಂಡ ತಂದೆ, ಇನ್ನು ಅಭ್ಯಾಸವಾಯಿತೆಂದು ಮುಂಬಾಗಿಲನ್ನು ತೆರೆದೇ ಬಿಟ್ಟರು. ಸಮೀಪದಲ್ಲೆಲ್ಲೋ ಉತ್ಸವದ ಗರ್ನಾಲು ಸಿಡಿಯಿತು. ಬಿಳಿಯ ಗೆರೆಯೊಂದು ಅಂಗಳ ದಾಟಿ ಅಡಕೆ ತೋಟದ ಕತ್ತಲೆಗೆ ಸೇರಿದ್ದನ್ನು ಹುಡುಗ ಮಾತ್ರ ಕಂಡ.

ಅಂದು ರಾತ್ರಿ ಮನೆಯವರು ಟಾರ್ಚು ಹಿಡಿದು ಹೆಸರು ಕೂಗುತ್ತ ಮುಖ್ಯರಸ್ತೆಯವರೆಗೆ ಹೋದರು. ಮರುದಿನ ಹಳೆಯ ಮನೆಯ ಕಡೆಯವರಿಗೆ ಫೋನು ಮಾಡಿದರು. ಬೆಕ್ಕು ಹಳೆಯ ನೆಲಕ್ಕೆ ಮರಳುತ್ತದೆಂಬ ನಂಬಿಕೆ ಬರಿಯ ಕಥೆಯಲ್ಲ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಹೆರಿಕ್ ಎಂಬವರು ಒಂದು ತಾಯಿಬೆಕ್ಕನ್ನು ಮುಚ್ಚಿದ ಚೀಲದಲ್ಲಿ ಕೆಲವು ಮೈಲಿ ದೂರ ಒಯ್ದು ಬಿಟ್ಟು, ಅದು ಮರಿಗಳ ಬಳಿಗೆ ಮರಳಿ ಬರುವುದನ್ನು ಪರೀಕ್ಷಿಸಿ 1922ರಲ್ಲಿಯೇ ಬರೆದಿದ್ದಾರೆ. ಎರಡು ಮೂರು ಕಿಲೋಮೀಟರ್ ಆಚೆಗೆ ಮನೆ ಬದಲಿಸಿದವರು ಹಳೆಯ ನೆರೆಯವರಿಗೆ ತಿಳಿಸಿಡುವುದು ಅವಶ್ಯ. ಆದರೆ ಅಪರಿಚಿತ ಸ್ಥಳದಲ್ಲಿ ಬೆದರಿ ಓಡಿದ ಬೆಕ್ಕು ಮೊದಲು ಮಾಡುವುದು ಪ್ರಯಾಣವಲ್ಲ, ಅಡಗುವುದು. ಕಾಣೆಯಾದ 1,200ಕ್ಕೂ ಹೆಚ್ಚು ಬೆಕ್ಕುಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಿಕ್ಕಿದವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನ ಒಳಗೇ ಇದ್ದವು. ಸುಮಾರು ಮೂರನೆಯ ಒಂದು ಪಾಲು ಬೆಕ್ಕುಗಳು ಒಂದು ವಾರದೊಳಗೆ ದೊರೆತವು. ಕಾಯುತ್ತ ಕೂರದೆ ಇಳಿದು ಹುಡುಕಿದವರಿಗೆ ಬೆಕ್ಕು ಜೀವಂತವಾಗಿ ಸಿಗುವ ಸಂಭವ ಹೆಚ್ಚೆಂದೂ ಅದೇ ಅಧ್ಯಯನ ಹೇಳುತ್ತದೆ.

ಹಾಗಾಗಿ ಮುಖ್ಯರಸ್ತೆಯನ್ನು ಬಿಟ್ಟು ಮನೆಯ ಸುತ್ತಲೇ ಹುಡುಕಬೇಕು. ಕೂಗಿದರೆ ಅದು ಉತ್ತರಿಸದು, ಸಾಕಿದವರ ದನಿಗೂ ಉತ್ತರಿಸದು. ಸದ್ದು ಮಾಡಿದರೆ ಶತ್ರುವಿಗೆ ತಿಳಿಯುತ್ತದೆಂಬುದು ಅದರ ರಕ್ತದಲ್ಲಿರುವ ಪಾಠ. ಕಟ್ಟಿಗೆ ರಾಶಿ, ಹಟ್ಟಿಯ ಅಟ್ಟ, ಮೋರಿ, ನೀರಿನ ಟಾಂಕಿಯ ಸಂದು, ಒಣಮಡಲಿನ ಅಡಿ ಇವುಗಳನ್ನು ಒಂದೊಂದಾಗಿ, ಅನುಮತಿ ಕೇಳಿ, ನೆರೆಯವರ ಹಿತ್ತಿಲಿನಲ್ಲಿಯೂ ನೋಡಬೇಕು. ಕತ್ತಲಲ್ಲಿ ಟಾರ್ಚನ್ನು ಕಣ್ಣಿನ ಎತ್ತರದಲ್ಲಿ ಹಿಡಿದರೆ ಅದರ ಕಣ್ಣು ಹಸುರಾಗಿ ಹೊಳೆಯುತ್ತದೆ. ತೆರೆದ ಬಾವಿಗಳನ್ನೂ ನೋಡಬೇಕು. ನಮ್ಮ ಕಡೆ ಬೆಕ್ಕುಗಳು ಸಾಯುವ ಜಾಗಗಳಲ್ಲಿ ಕಟ್ಟೆಯಿಲ್ಲದ ಬಾವಿಯೂ ಒಂದು. ಹೊಸ ಮನೆಗೆ ಬಂದ ಮೊದಲ ದಿನವೇ ಬಾವಿಗೆ ಬಲೆ ಹಾಕುವುದು ಬೆಕ್ಕಿಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.

ಮೂರನೆಯ ರಾತ್ರಿ, ಮಳೆಯ ಮೊದಲ ಹನಿಗಳು ಬೀಳುತ್ತಿದ್ದಾಗ, ಪಕ್ಕದ ಮನೆಯ ಅಡಕೆ ಗೋಣಿಗಳ ಹಿಂದೆ ಬೊಳ್ಳಿ ಸಿಕ್ಕಿತು. ಮನೆಯ ಮೆಟ್ಟಿಲಿನಿಂದ ಅಳೆದರೆ ಅರುವತ್ತು ಹೆಜ್ಜೆ. ಎರಡು ದಿನ ಎಲ್ಲರೂ ಅದರ ಹೆಸರು ಕೂಗುತ್ತ ಅದೇ ಕೊಟ್ಟಿಗೆಯ ಮುಂದಿನಿಂದ ಹತ್ತಾರು ಬಾರಿ ಹಾದುಹೋಗಿದ್ದರು. ಹಿಡಿಯಲು ಕೈ ಹಾಕಿದ ತಂದೆಯ ಮಣಿಕಟ್ಟನ್ನು ಅದು ಬಲವಾಗಿಯೇ ಕಚ್ಚಿತು. ಕಡೆಗೆ ಹುಡುಗಿ ಆ ಹಳೆಯ ಸೀರೆಯ ತುಂಡನ್ನು ಬುಟ್ಟಿಯಲ್ಲಿಟ್ಟು, ಬೂತಾಯಿಯ ಬೋಗುಣಿಯನ್ನು ಅದರ ಹಿಂಭಾಗಕ್ಕಿರಿಸಿ, ದೂರ ಸರಿದು ಕುಳಿತಳು. ಒಂದು ಗಂಟೆ ಹಿಡಿಯಿತು.

ಕಚ್ಚಿದ ಗಾಯವನ್ನು ಆ ಮನೆಯವರು ಹಗುರವಾಗಿ ಕಾಣಲಿಲ್ಲ. ಇದನ್ನು ಎಲ್ಲ ಮನೆಗಳವರೂ ಅರಿತಿರಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ಸಾಕಿದ್ದೇ ಆಗಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ. ಅರಸಿನ, ಸುಣ್ಣ ಹಚ್ಚಿ ಕಾಯುವ ವಿಷಯ ಇದಲ್ಲ. ಮಕ್ಕಳು ಪರಚಿದ ಗಾಯವನ್ನು ಬೈಗುಳದ ಹೆದರಿಕೆಯಿಂದ ಮುಚ್ಚಿಡುವುದುಂಟು. ಬೈಯುವುದಿಲ್ಲವೆಂದು ಮೊದಲೇ ಹೇಳಿಟ್ಟರೆ ಮುಚ್ಚಿಡಲಾರರು. ಬೆಕ್ಕಿಗೂ ಲಸಿಕೆ ಹಾಕಿಸಿಡಬೇಕು. ಸ್ಥಳಾಂತರಕ್ಕೆ ಕೆಲವು ವಾರ ಮೊದಲೇ ಹಾಕಿಸಿದ್ದರೆ ಇನ್ನೂ ಒಳ್ಳೆಯದು.

ಬೆಕ್ಕಿನ ಭಯ ಎಷ್ಟರವರೆಗೆ ಸಹಜ, ಎಲ್ಲಿಂದ ಅಪಾಯ ಎಂಬ ಗಡಿಯನ್ನೂ ತಿಳಿದಿರಬೇಕು. ಒಂದು ಹೊತ್ತು ಊಟ ಬಿಟ್ಟರೆ ಚಿಂತಿಸಬೇಕಾಗಿಲ್ಲ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಮೃಗವೈದ್ಯರನ್ನು ಕೇಳಬೇಕು, ಎರಡು ದಿನ ಕಾಯಲೇಬಾರದು. ಉಪವಾಸವಿದ್ದ ಬೆಕ್ಕಿನ ದೇಹ ತನ್ನ ಕೊಬ್ಬನ್ನು ಯಕೃತ್ತಿಗೆ ತುಂಬಿಸಿಕೊಳ್ಳುತ್ತದೆ. ಯಕೃತ್ತು ಆ ಭಾರಕ್ಕೆ ಸೋಲುತ್ತದೆ. ದಪ್ಪಗಿನ ಬೆಕ್ಕಿಗೆ ಈ ಅಪಾಯ ಹೆಚ್ಚು. ಗಂಡು ಬೆಕ್ಕಾದರೆ ಮತ್ತೊಂದು ಎಚ್ಚರ. ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ, ತಿಣುಕಿ, ಒಂದು ಹನಿಯೂ ಬಾರದಿದ್ದರೆ ಅದು ಮಲಬದ್ಧತೆಯೆಂದು ಮನೆಮದ್ದು ಮಾಡಬಾರದು. ಮನಸ್ಸಿನ ಒತ್ತಡದಿಂದಲೂ ಬೆಕ್ಕಿನ ಮೂತ್ರಕೋಶ ಉರಿಗೊಳ್ಳುತ್ತದೆ, ಗಂಡಿನ ಕಿರಿದಾದ ನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯಾದರೂ ಹೊರಡಬೇಕಾದ ಪ್ರಸಂಗವದು. ತಟ್ಟೆಯ ಹೊರಗೆ ಮೂತ್ರ ಮಾಡಿದ ಬೆಕ್ಕಿಗೆ ಹೊಡೆಯುವುದಂತೂ ಸಲ್ಲದು. ಹೊಡೆತ ಅದಕ್ಕೆ ಕಲಿಸುವುದು ಒಂದೇ, ಈ ಮನೆಯಲ್ಲಿಯೂ ಭಯವಿದೆ ಎಂದು.

ಬೊಳ್ಳಿಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಕೋಣೆ, ಅದೇ ಪೆಟ್ಟಿಗೆ, ಅದೇ ಸಣ್ಣ ದನಿಯ ಓದು. ಈ ಬಾರಿ ತಂದೆ ತಾವೇ ಕಿಟಕಿಗೆ ಬಲೆ ಬಡಿದರು. ಒಂದು ವಾರ ಕೋಣೆ, ಆಮೇಲೆ ಹೊರಬಾಗಿಲು ಮುಚ್ಚಿದ ಚಾವಡಿ, ಆಮೇಲೆ ಅಡುಗೆಮನೆ, ಹೀಗೆ ಕೋಣೆಗೊಂದರಂತೆ ತೆರೆದುಕೊಟ್ಟರು. ಪ್ರತಿ ಬಾರಿಯೂ ತನ್ನ ಕೋಣೆಗೆ ಓಡಿಹೋಗುವ ದಾರಿ ತೆರೆದೇ ಇತ್ತು. ಪೂರ್ತಿ ನಾಲ್ಕು ವಾರ ಕಳೆದ ಮೇಲಷ್ಟೇ ಹೊರಗೆ ಬಿಟ್ಟದ್ದು. ಅದೂ ಬೆಳಗ್ಗೆ, ಊಟಕ್ಕೆ ಮೊದಲು, ಹಸಿದಿರುವಾಗ, ನಾಯಿಗಳಿಲ್ಲವೆಂದು ನೋಡಿಕೊಂಡು. ಹತ್ತು ನಿಮಿಷದ ಬಳಿಕ ಬೋಗುಣಿಯನ್ನು ಚಮಚದಿಂದ ತಟ್ಟಿದರು. ಕುಂಬಳೆಯ ಮನೆಯಲ್ಲಿ ಆರು ವರ್ಷ ಕೇಳಿದ್ದ ಸದ್ದು ಅದು. ಬೆಕ್ಕು ಮೆಟ್ಟಿಲೇರಿ ಬಂತು. ಮರುದಿನ ಇಪ್ಪತ್ತು ನಿಮಿಷ. ಎಲ್ಲ ಬೆಕ್ಕುಗಳಿಗೂ ನಾಲ್ಕೇ ವಾರ ಸಾಕೆಂದಿಲ್ಲ, ಅದರ ಲೆಕ್ಕವನ್ನು ಬೆಕ್ಕೇ ಇಡುತ್ತದೆ.

ಬೇಸಗೆ ರಜೆಯಲ್ಲಿ ಮನೆ ಬದಲಿಸಿದ್ದರಿಂದ ಮಕ್ಕಳು ಹಗಲೆಲ್ಲ ಮನೆಯಲ್ಲಿದ್ದದ್ದು ದೊಡ್ಡ ಅನುಕೂಲವಾಯಿತು. ಜೂನಿನಲ್ಲಿ ಶಾಲೆ ತೆರೆಯಿತು, ಮಳೆಯೂ ಹಿಡಿಯಿತು. ಹುಡುಗಿ ಈಗ ಹೊಸ ಶಾಲೆಯ ಎಂಟನೆಯ ತರಗತಿಯಲ್ಲಿ, ಮೊದಲ ಒಂದು ವಾರ ಹಿಂದಿನ ಬೆಂಚಿನ ಗೋಡೆಬದಿಯಲ್ಲಿ ಕುಳಿತಳಂತೆ. ಮನೆಯಲ್ಲಿ ಯಾರೂ ಅದಕ್ಕಾಗಿ ಅವಳನ್ನು ಗದರಲಿಲ್ಲ.

ಜೂನ್ ಕೊನೆಯ ಒಂದು ದಿನ ತಾಯಿ ಬಾಗಿಲಚೌಕಟ್ಟನ್ನು ನೋಡಿದರು. ಬಿಳಿಯ ಬಣ್ಣದ ಮೇಲೆ, ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ, ಕಂದುಬಣ್ಣದ ಎಣ್ಣೆಜಿಡ್ಡಿನ ಗುರುತೊಂದು ಮೂಡಿತ್ತು. ಬಾಡಿಗೆ ಮನೆ, ಮಾಲಿಕರು ಕೇಳಿದರೆ ಏನು ಹೇಳುವುದೆಂದು ಅವರು ಒದ್ದೆಬಟ್ಟೆ ತಂದರು. ಬೊಳ್ಳಿ ಅಲ್ಲಿಯೇ ಕೆನ್ನೆ ಉಜ್ಜಿಕೊಂಡು ಒಳಗೆ ಹೋದದ್ದನ್ನು ಅಜ್ಜಿ ಜಗಲಿಯಿಂದ ದಿನವೂ ನೋಡುತ್ತಿದ್ದರು.

“ಅದನ್ನು ಒರಸಬೇಡ” ಎಂದರು ಅಜ್ಜಿ. “ಮನೆ ಬಿಡುವಾಗ ಬಣ್ಣ ನಾವೇ ಬಳಿಸಿಕೊಡೋಣ.”